ಯಾವ ಬಿಳಿ

ಕರಿಹೊಗೆಯಾಗಿದ್ದರೆ ಯಾರನ್ನೂ ಕರೆಸುತ್ತಿರಲಿಲ್ಲ.
ಕರಿ ಅಂದರೆ ಉಸಿರುಗಟ್ಟಿದೆ ಅಂತ, ಅಷ್ಟು ನನಗೂ ಗೊತ್ತು:
ಏರ್ ಫಿಲ್ಟರ್ ಬಿಚ್ಚಿ ಒದರಿದರೆ
ರೇಷ್ಮೆ ಜುಂಗು, ಬೂದಿ,
ಒಂದು ಸಲ ಜೇಡದ ಇಡೀ ಸಂಸಾರ.
ನೀಲಿಯೂ ಗೊತ್ತು. ಕಳೆದ ಯುಗಾದಿಗೆ ಬಂದಿತ್ತು,
ರಿಂಗು ಸವೆದು, ಆಯಿಲ್ ಕುಡಿದು ಕುಡಿದು.
ಆ ಬಿಲ್ಲು ಇನ್ನೂ ಗೋಡೆಯ ಮೊಳೆಗೆ ನೇತಾಡುತ್ತಿದೆ.

ಇದು ಬಿಳಿ.
ಶಿಡ್ಲಘಟ್ಟದಲ್ಲಿ ನಿಂತು ಬಿಳಿಯ ಮೇಲೆ ದೂರು ಹೇಳಿದರೆ
ಯಾರು ಕಿವಿಗೊಡುತ್ತಾರೆ?
ಬೇಸಿನ್ನಿನ ಹಬೆ ಬಿಳಿ, ಗೂಡು ಬಿಳಿ,
ಡಿಸೆಂಬರಿನ ಮಂಜು ಹೊಸ್ತಿಲವರೆಗೂ ಬಂದು
ಒಳಗೆ ಬರಲೋ ಬೇಡವೋ ಅಂತ ನಿಂತಿದೆ.
ಕರೆಂಟು ಹೋಯಿತು, ಜನರೇಟರು ಕೆಮ್ಮಿತು,
ಎಂಟು ಬೇಸಿನ್ನಿನಲ್ಲೂ ಎಳೆ ಕಡಿದು
ಅಂಜಿನಮ್ಮ ಬೆಂದ ಬೆರಳನ್ನು ಬಾಯಲ್ಲಿಟ್ಟುಕೊಂಡು
ನನ್ನನ್ನೇ ನೋಡಿದಳು.
ಆಮೇಲೆ ಅನ್ಸರ್ ಪಾಷಾಗೆ ಹೇಳಿಕಳಿಸಿದೆ.

ಕಿವಿ ಹೋಗಿ ಹನ್ನೆರಡು ವರ್ಷ ಅವರಿಗೆ.
ಎಂಜಿನ್ನುಗಳೇ ತಿಂದದ್ದು; ಅವುಗಳ ಮೇಲೆ ಸಿಟ್ಟಿಲ್ಲ.
'ಸದ್ದು ಸುಳ್ಳು ಹೇಳ್ತದೆ ಅಕ್ಕಯ್ಯ,' ಎಂದು ಕೂಗುತ್ತಾರೆ
ತಮಗೇ ಕೇಳದ ದನಿಯಲ್ಲಿ,
'ಹೊಗೆಗೆ ಅಷ್ಟೊಂದು ಬುದ್ಧಿ ಇಲ್ಲ.'

ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟೆ.
ಸೈಲೆನ್ಸರಿನ ಬಾಯಿಗೆ ಹಿಡಿದರು, ಮೂಸಿದರು,
ಬೆಳಕಿಗೆ ಹಿಡಿದು ಓದಿದರು, ಖಾಲಿ ಹಾಳೆಯನ್ನು.
ಡೀಸೆಲ್ಲು ಉರಿಯದೆ ಬರುತ್ತಿದ್ದರೆ ಕಣ್ಣು ಉರಿಯಬೇಕಿತ್ತಂತೆ,
ಹಾಳೆಗೆ ಜಿಡ್ಡು ಹತ್ತಬೇಕಿತ್ತಂತೆ.
ಇದು ಬರೀ ತೇವ.
ಕೂಲಿಂಗ್ ಡ್ರಮ್ಮಿನ ಮುಚ್ಚಳ ಸರಿಸಿ ತೋರಿಸಿದರು:
ಗುಳ್ಳೆ, ಗುಳ್ಳೆಯ ಬೆನ್ನಿಗೆ ಗುಳ್ಳೆ,
ತಳದಲ್ಲಿ ಯಾರೋ ಮಾತಾಡುತ್ತಿರುವ ಹಾಗೆ.
'ನೀರು ಹೋಗಬಾರದ ಮನೆಗೆ ಹೋಗಿದೆ.'

ನಾನು ರೇಷ್ಮೆಯವಳು.
ಬಿಳಿಯಲ್ಲಿ ಎಷ್ಟು ಬಿಳಿ ಅಂತ ಬೆರಳಿಗೆ ಗೊತ್ತು,
ಮಾರ್ಕೆಟ್ಟಿನಲ್ಲಿ ಲಾಟಿನ ಮುಂದೆ ಒಂದು ಹಿಡಿ ಗೂಡೆತ್ತಿ
ಒಳಗಿನ ಹುಳ ಸತ್ತದ್ದೋ ಬದುಕಿದ್ದೋ ಹೇಳಬಲ್ಲೆ.
ಆದರೆ ಈ ಪಾಠ ಹೊಸದು.
ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂತೆ.

ಹೆಡ್ಡು ಬಿಚ್ಚಿದರೆ ಎರಡು ಸಿಲಿಂಡರುಗಳ ನಡುವೆ
ಗ್ಯಾಸ್ಕೆಟ್ಟು ಸುಟ್ಟು ಕರಿದೋಸೆ.
ಅದಲ್ಲ ರೋಗ, ಅಂದರು. ಟಾರ್ಚು ಬಿಟ್ಟರು
ನೀರು ಓಡುವ ದಾರಿಗಳೊಳಗೆ. ದಾರಿಯೇ ಇರಲಿಲ್ಲ.
ಉಳಿಯ ತುದಿಯಿಂದ ಒಂದು ಚಕ್ಕೆ ಎಬ್ಬಿಸಿ
ಅಂಗೈಯಲ್ಲಿ ಮುರಿದರು:
'ಮೇಲಿನ ಪದರ ನಿಮ್ಮ ಬೋರಿನದು.
ಕೆಳಗಿನದು ಈ ಊರಿನದಲ್ಲ.'
ನಾಲಗೆಗೆ ಹಚ್ಚಿಕೊಂಡು ನಕ್ಕರು.
ನಾನೂ ಹಚ್ಚಿಕೊಂಡೆ. ಉಪ್ಪು.

ಅಮ್ಮ ಗುಜರಿಯಲ್ಲಿ ತೂಕಕ್ಕೆ ಕೊಂಡ ಎಂಜಿನ್ನು ಇದು.
ಹಾಯಿದೋಣಿಯದು ಅಂದಿದ್ದನಂತೆ ಮಾರಿದವನು;
ಗಾಳಿ ಬಿದ್ದಾಗ ಮಾತ್ರ ಓಡಿಸುವುದು,
ಮಿಕ್ಕ ಹೊತ್ತು ಸುಮ್ಮನೆ ಮಲಗಿರುವುದು.
ಅವ್ವ ನಂಬಿರಲಿಲ್ಲ, ಆದರೂ ಹಸಿರು ಬಣ್ಣ ಬಳಿಸಿದಳು,
ಪ್ರತಿ ಆಯುಧಪೂಜೆಗೆ ನಿಂಬೆಹಣ್ಣು ಕೊಟ್ಟಳು.
ಅಲ್ಲಿ ಗಾಳಿ ಹೋದಾಗ, ಇಲ್ಲಿ ಕರೆಂಟು ಹೋದಾಗ:
ಅದರ ಪಾಲಿಗೆ ಕೆಲಸವೇನೂ ಬದಲಾಗಲಿಲ್ಲ.

ಅಂಜಿನಮ್ಮನಿಗೂ ಒಂದು ಚೂರು ಕೊಟ್ಟೆ.
ಕಡಲು ನೋಡದವಳು, ಥೂ ಎಂದು ಉಗಿದು,
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚೂರು ಕೇಳಿದಳು.

ಮೂರು ದಿನ ಆ್ಯಸಿಡ್ಡಿನ ನೀರು, ತಂತಿ ಬ್ರಷ್ಷು, ಬೈಗುಳ.
ನಾಲ್ಕನೆಯ ಬೆಳಗಿನ ಜಾವ ಹ್ಯಾಂಡಲ್ ಹೊಡೆದರು.
ಪೈಪಿನ ತುದಿಯಲ್ಲಿ ಮತ್ತೆ ಬಿಳಿ!
ನನ್ನ ಎದೆ ಧಸಕ್ಕೆಂದಿತು.
ಅವರು ಕೈ ಎತ್ತಿ ತಡೆದರು,
ಪೈಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ಮಫ್ಲರ್ ಸರಿಸಿ, ಬಾಯಿ ತೆರೆದು
ಆ ಚಳಿಗೆ ಹಾ ಅಂತ ಒಂದು ಉಸಿರು ಬಿಟ್ಟರು.

ಎರಡೂ ಒಂದೇ ಗೇಣು ಹೋಗಿ
ಒಂದೇ ಹೊತ್ತಿಗೆ ಇಲ್ಲವಾದವು.

'ಇಷ್ಟಿರಲಿ,' ಅಂದರು,
ಕೈ ಒರೆಸಿಕೊಂಡು ಟೀ ಕೇಳಿದರು.