ಕಚಗುಳಿ

ಮೊದಲು ಕಂಡದ್ದು ರೆಪ್ಪೆಯಲ್ಲಿ. ಎಡಗಣ್ಣು,
ಒಂದೇ ಒಂದು ಕೂದಲು.
ಹಿಟ್ಟು ಹತ್ತಿರಬೇಕೆಂದು ಸೆರಗಿನ ತುದಿಯಿಂದ ಒರೆಸಿದೆ.
ಹೋಗಲಿಲ್ಲ.

ಆಮೇಲೆ ಮೊಣಕಾಲು. ಯುಗಾದಿಗೆ ಮುಂಚೆ
ಕುಂಟೆಬಿಲ್ಲೆಯಲ್ಲಿ ಬಿದ್ದು ಕೆತ್ತಿಸಿಕೊಂಡಿದ್ದಳು.
ಹಕ್ಕಳೆ ಉದುರಿತು, ಬಣ್ಣ ಮಾತ್ರ ವಾಪಸು ಬರಲಿಲ್ಲ.

ಅತ್ತೆ ಪಿಳ್ಳಮ್ಮನ ಬಾಯಲ್ಲಿ ಅದು ಬೊಲ್ಲಿ,
ಮುಳಬಾಗಿಲ ಬೀದಿಯ ಬಾಯಲ್ಲಿ ತೊನ್ನು.
ಮೀನು ತಿನ್ನಿಸಿ ಹಾಲು ಕುಡಿಸಿದೆಯಾ ಅಂದರು.
ಹುತ್ತ ಒಡೆಸಿದವರು ಯಾರು ಅಂದರು.
ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸು ಅಂದರು;
ಕೂರಿಸಿದೆ.
ಬೊಬ್ಬೆ ಬಂತು.
ಚರಿತಾ ಅದನ್ನು ಮರೆತಿದ್ದಾಳೆ.

ಕೋಲಾರದ ಬಸ್ಸು ವಡ್ಡಹಳ್ಳಿ ಮಂಡಿಯ ಹತ್ತಿರ
ಟೊಮೆಟೊ ಲಾರಿಗಳ ಹಿಂದೆ ಅರ್ಧ ಗಂಟೆ ನಿಂತಿತು.
ಪಕ್ಕದ ಸೀಟಿನವಳು ಇವಳ ಕಾಲು ನೋಡಿ
ತನ್ನ ಕೂಸನ್ನು ತೊಡೆ ಬದಲಿಸಿ ಕೂರಿಸಿಕೊಂಡಳು.

ಡಾಕ್ಟರಮ್ಮ ಹತ್ತಿಯ ಎಳೆ ತೆಗೆದು
ಬಿಳಿಯ ಮೇಲೆ ಮೆಲ್ಲಗೆ ಸವರಿದರು:
ಕಣ್ಣು ಮುಚ್ಚಿಕೋ ಪುಟ್ಟಾ, ಗೊತ್ತಾದರೆ ಹೇಳು.
ನನಗೆ ಇನ್ನೊಂದು ಕಾಯಿಲೆಯ ಹೆಸರು
ಗಂಟಲಲ್ಲಿ ಸಿಕ್ಕಿಕೊಂಡಿತ್ತು.
ಕಿಸಕ್ಕೆಂದಳು: ಕಚಗುಳಿ!
ಅಷ್ಟು ದಿನದಲ್ಲಿ ನಾನು ಅತ್ತದ್ದು ಆಗ ಒಮ್ಮೆ.

ಬಾಗಿಲು ಹಾಕಿ ದೀಪ ಆರಿಸಿದರು. ನೇರಳೆ ಬೆಳಕಿನದೊಂದು ಕೈದೀಪ.
ಮೊಣಕಾಲು ಸುಣ್ಣ ಬಳಿದಂತೆ ಹೊಳೆಯಿತು.
ಬೆನ್ನಿನಲ್ಲಿ, ಅದೃಷ್ಟದ್ದೆಂದು ನಾವು ಹೇಳುತ್ತಿದ್ದ ಕರಿ ಮಚ್ಚೆಯ ಸುತ್ತ
ನಾನೆಂದೂ ಕಾಣದ ಒಂದು ಬಳೆ.
ವಾರವಾರ ಎಣ್ಣೆ ಹಚ್ಚಿ ನೀರು ಹಾಕಿದ ಕೈ ನನ್ನದೇ.
ಮನೆಯಲ್ಲಿ ಬೇರೆ ಯಾರಿಗಾದರೂ?
ಇಲ್ಲ ಅಂದೆ, ಗಟ್ಟಿಯಾಗಿ.

ಅವತ್ತು ರಾತ್ರಿ ಮಗು ಮಲಗಿದ ಮೇಲೆ ಅತ್ತೆ
ಸೀರೆ ಸರಿಸಿ ಸೊಂಟ ತೋರಿಸಿದರು. ಅಂಗೈ ಅಗಲ.
ಐವತ್ತು ವರ್ಷ.
ನಿಮ್ಮ ಮಾವನಿಗೂ ಗೊತ್ತಿರಲಿಲ್ಲ ಕಣೇ,
ದೀಪ ಆರಿಸಿಬಿಡುತ್ತಿದ್ದೆ.

ಮುಲಾಮು, ಬೆಳಗಿನ ಎಳೆಬಿಸಿಲು,
ಕತ್ತಿನ ಗ್ರಂಥಿಗೆಂದು ವರ್ಷಕ್ಕೊಮ್ಮೆ ರಕ್ತ.
ಡಾಕ್ಟರಮ್ಮ ಆಸೆಯನ್ನೂ ಅಳೆದೇ ಕೊಡುತ್ತಾರೆ:
ಮುಖ, ಮೊಣಕಾಲು ಒಲಿಯಬಹುದು, ಬೆರಳ ತುದಿ ಹಟಮಾರಿ,
ಕೂದಲೂ ಬೆಳ್ಳಗಾದ ಕಡೆ ಕಷ್ಟ.

ಕಾರ್ತಿಕದಲ್ಲಿ ರೋಮದ ಬುಡಗಳಲ್ಲಿ
ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕಿ.
ಒಂಬತ್ತು ಎಣಿಸಿದೆವು. ಹತ್ತನೆಯದು ಕೊಳೆ.
ಅತ್ತೆ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಎಣಿಸಿದರು, ತೆಲುಗಿನಲ್ಲಿ.
ಅವರ ಲೆಕ್ಕಕ್ಕೆ ಹನ್ನೊಂದು.

ಇವತ್ತು ಮತ್ತೆ ಬಿದ್ದು ಬಂದಿದ್ದಾಳೆ, ಅದೇ ಮೊಣಕಾಲು.
ಗಾಯವಾದಲ್ಲಿ ಬಿಳಿ ಹುಟ್ಟುತ್ತೆ, ಬೀಳಬೇಡ ಅಂತ
ಏಳು ವರ್ಷದವಳಿಗೆ ಯಾವ ಬಾಯಲ್ಲಿ ಹೇಳಲಿ.
ಎರಡು ಮನೆ ಗೆದ್ದೆ ಅಮ್ಮಾ, ಅಂದಳು.
ಬಚ್ಚಲಲ್ಲಿ ಕೂರಿಸಿ ನೀರು ಹುಯ್ದೆ.
ಉರೀ ಅಂತ ಕಿರುಚಿದಳು, ಓಣಿಯೆಲ್ಲ ಕೇಳುವ ಹಾಗೆ.

ಕಿರುಚಲಿ.