ಎಲ್ ಬೋರ್ಡಿನ ಗಾಡಿ

ಕೌಲ್ ಬಜಾರಿನ ಟೈರಂಗಡಿಯಲ್ಲಿ ದಾದಾಪೀರ್
ಒಂದು ರೂಪಾಯಿ ನಾಣ್ಯ ತೆಗೆದು
ಮುಂದಿನ ಚಕ್ರದ ಗೀರಿಗೆ ಆನಿಸಿದ.
ಅಂಚೂ ಮುಳುಗಲಿಲ್ಲ.
"ಬೋಳಾಗೈತೆ ಸಾರ್, ನಿಮ್ ತಲೆ ಇದ್ದಂಗೆ."

ನಗಲಿಲ್ಲ ನಾನು.
ಡ್ರೈವಿಂಗ್ ಶಾಲೆ ಇಟ್ಟವನ ಲೆಕ್ಕ ಬೇರೆ:
ಒಂದು ಹೊಸ ಟೈರೆಂದರೆ
ಕಲಿಯಲು ಬಂದ ಒಬ್ಬರ ಇಡೀ ತಿಂಗಳು.
ನಾಲ್ಕಕ್ಕೆ ನಾಲ್ವರು ಬೇಕು.
ಈ ಬೇಸಿಗೆಗೆ ಬಂದವರು ಇಬ್ಬರೇ.

ಈ ರಬ್ಬರನ್ನು ರಸ್ತೆ ತಿಂದದ್ದಲ್ಲ.
ಅದಿರು ಲಾರಿ ಎದುರಾದಾಗಲೆಲ್ಲ
ಜೀನ್ಸ್ ಹೊಲಿಯುವ ಹೊನ್ನೂರಬೀಯ ಬಲಗಾಲು ತಿಂದಿದೆ,
ಹಂದಿಮರಿ ಕಂಡರೂ ಬೆವರುವ
ರಿಟೈರ್ಡ್ ಪೋಸ್ಟ್‌ಮ್ಯಾನ್ ಗಾದಿಲಿಂಗಪ್ಪ ತಿಂದಿದ್ದಾರೆ,
ಒಂದಿಷ್ಟು
ಪಕ್ಕದ ಸೀಟಿನ ನನ್ನದೇ ಬ್ರೇಕು.

"ರಿಸೋಲ್ ಹಾಕ್ಲಾ? ಅರ್ಧಕ್ಕರ್ಧ ರೇಟು."
ಒತ್ತಿ ನೋಡಿದೆ. ಹೊಸದರಷ್ಟೇ ಕಪ್ಪು,
ಹೊಸದರದೇ ವಾಸನೆ.
"ನಿನ್ ಗಾಡಿಗೆ ಹಾಕ್ಕೊಂತೀಯೇನೋ?"
ಅವನು ಪಾನಾ ಒರೆಸುತ್ತ
ಬಿಸಿಲಿನ ಕಡೆ ನೋಡಿದ.

ಕೊನೆಗೆ ಎರಡು ಹೊಸವು.
"ಹಿಂದಕ್ಕಿರಲಿ ಸಾರ್, ಹಿಂದಿನವು ಮುಂದಕ್ಕೆ."
ನಾನು ಕಲಿಸುವ ಪಾಠ
ನನಗೇ ಹೇಳಿ ಬಿಲ್ಲು ಹರಿದ.
ಜಾಕಿಯಿಂದಿಳಿದ ಗಾಡಿ
ಹೊಸ ಚಪ್ಪಲಿ ಹಾಕಿದ ಮಗುವಿನ ಹಾಗೆ
ಸ್ವಲ್ಪ ಬಿಗುವಾಗಿ ನಿಂತಿತು.

ಸಂಜೆ ಹೊನ್ನೂರಬೀ ಬಂದಳು. ಖರ್ಚಿನ ಮಾತೆತ್ತಲಿಲ್ಲ.
ಕೋಟೆ ಗುಡ್ಡದ ಹತ್ತಿರ
ನಾಯಿಯೊಂದು ಅಡ್ಡ ಬಂತು.
ಕಿರ್ರೆಂದು ನಿಂತೆವು.
ನಾಯಿ ಬಾಲ ಎತ್ತಿಕೊಂಡೇ ದಾಟಿತು.
"ತಪ್ಪಾಯ್ತಾ ಸಾರ್?"

ಎಂಟಾಣೆ ರಬ್ಬರು ಹೋಯಿತೆಂದು
ಮನಸ್ಸು ಬರೆದುಕೊಂಡಿತು.
ಬಾಯಿ ಬೇರೆಯೇ ಹೇಳಿತು:
ಇಲ್ಲ ತಾಯಿ,
ಮುಂದಿನ ಸಲ
ಇನ್ನೂ ಬೇಗ ತುಳಿ.