ಕರ್ಜಗಿ ಬಸ್ಸು

ಮೂರನೇತ್ತದಾಗ ಸಾಲಿ ಬಿಟ್ಟಾಕಿ ನಾ.
ಅಕ್ಷರ ಬರತಿದ್ದುವು, ಇಲ್ಲಂತಲ್ಲ,
ಒಂದೊಂದ, ಒಂದೊಂದ,
ಕುಂಟಕೋತ ಬರತಿದ್ದುವು.
ಹಾವೇರಿ ಸ್ಟ್ಯಾಂಡಿನ್ಯಾಗ ಬೋರ್ಡು ನೋಡಿ
ಕ... ಜ... ಅನ್ನೂದ್ರಾಗ
ಬಸ್ಸು ಮಾರಿಗೆ ಹೊಗಿ ಬಿಟ್ಟು ಗೇಟು ದಾಟೂದು.
ಮಂದೀನ ಕೇಳಾಕ ನಾಚಿ ಒಂದಪ ಹತ್ತಿ ಕುಂತು
ಗುತ್ತಲದಾಗ ಹೋಗಿ ಇಳದೀನಿ.
ಮೊಮ್ಮಗ ಇನ್ನೂ ನಗತಾನ.

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸೂಮುಂದ
ನನ್ನ ಮಗ್ಗಲಕ ಕುಂದರಾಕಿ ಗುಲ್ಜಾರಬಿ.
ಏಳನೇತ್ತ ಪಾಸು. ಬಾಯಿತುಂಬ ಎಲಿಅಡಿಕಿ.
ಸೀನು ಬಂದರ ಸಾಲಾಗಿ ಹತ್ತು ಸೀನತಾಳ.
"ಫಕ್ಕೀರವ್ವಾ, ಒತ್ತಿಗೆ ಯಾಕ ಹೆದರತಿ?
ಒತ್ತು ಅಂದ್ರ ಬಗಲಾಗಿನ ಕೂಸು.
ಮೊದಲ ತಾಯಿ ಹೆಸರು ಹೇಳು, ಆಮ್ಯಾಲ ಕೂಸಿಂದು,"
ಅಂದು ಚೀಲದ ಮ್ಯಾಲಿನ 'ಬ್ಯಾಡಗಿ' ತೋರಿಸಿದಳು.
ಮೂವತ್ತು ವರ್ಷ ಆ ಚೀಲದ ಮ್ಯಾಲ ಕುಂತು ಉಂಡಾಕಿ
ಅವತ್ತ ಅದನ್ನ ಓದಿದೆ.

ಖಾರಕ್ಕ ಕಣ್ಣಾಗ ನೀರು,
ಅಕ್ಷರ ನೀರಾಗ ಈಸು ಬಿದ್ದಾಂಗ.
ಒರಸಬೇಕಂದ್ರ ಕೈಯೂ ಖಾರ.
ಅದರಾಗ ಈ ಮ, ಈ ವು, ಅವಳಿ ಜವಳಿ!
'ಮಾವು ಹಣ್ಣಾಗಿದೆ' ಅನ್ನೂದನ್ನ
'ಮಾಮ ಹಣ್ಣಾಗಿದೆ' ಅಂತ ನಾ ಓದಿದ್ದಕ್ಕ
ಇಡೀ ಕಟ್ಟಿ ಕೈ ಬಿಟ್ಟು ನಕ್ಕಿತು.

ಆದರ ಕರ್ಜಗಿ ಒಂದು ಆಗವಲ್ದು.
ರ ಎಲ್ಲಿ? ಹುಡುಕಿದೆ. ಹಿಂದ ಐತಿ,
ಜ ದ ಬೆನ್ನಿಗೆ, ಕುಡಗೋಲಿನಾಂಗ ಸೊಟ್ಟ.
"ಹಿಂದ ಕುಂದರಾಕಿ, ಮುಂದ ಮಾತಾಡಾಕಿ,
ನಿಮ್ಮ ಅತ್ತಿ ಹಾಂಗ," ಅಂದಳು ಗುಲ್ಜಾರಬಿ.
ಅತ್ತಿ ಹೋಗಿ ಹನ್ನೊಂದು ವರ್ಷಾತು.
ಈಗೂ ಅರ್ಕಾವತ್ತು ಕಂಡಲ್ಲಿ
ತಲಿಮ್ಯಾಲ ಸೆರಗು ಎಳಕೋತೀನಿ.

"ಜಲ್ದಿ ಓದೂದು ಹ್ಯಾಂಗ?"
ಆಕಿ ಕೈ ನಿಲ್ಲಲಿಲ್ಲ, ತೊಟ್ಟು ಬೀಳತಿದ್ದುವು.
"ಮೊಮ್ಮಗ ದೂರದಿಂದ ಬರೂಮುಂದ
ಮೂಗು ಬಂತು, ಕಿವಿ ಬಂತು ಅಂತ ಎಣಸತಿಯೇನ?"
ಮರುದಿನ ಸ್ಟ್ಯಾಂಡಿನ್ಯಾಗ ಕಣ್ಣೆತ್ತಿದೆ.
ಕರ್ಜಗಿ ಬರಾಕತ್ತಿತ್ತು,
ಪೂರಾ, ಮಾರಿ ಸಮೇತ.

ಹೇಳಬೇಕಾದ್ದು ಇದಲ್ಲ ಖರೇ.
ಒಂದು ಸಂಜಿಮುಂದ ಮಿರ್ಚಿ ಕಟ್ಟಿಸಿಕೊಂಡೆ.
ತಿಂದು ಕಾಗದ ಬಿಚ್ಚಿದರ ಅದರಾಗ ಒಬ್ಬಾಕಿ,
ಹೊಳಿ ದಂಡ್ಯಾಗ ನಿಂತಾಳ, ಕೈಯಾಗ ಬೀಗದ ಕೈ.
ಎಣ್ಣಿ ಕುಡದ ಕಾಗದ,
ಹಿಂದಿನ ಪುಟದ ಸಿಮೆಂಟಿನ ಜಾಹೀರಾತು
ಉಲ್ಟಾ ಆಗಿ ಆಕಿ ಸೀರಿಯೊಳಗಿಂದ ಇಣಕತಿತ್ತು.
ತುಟಿ ಅಲಗಸದ ಓದಿದೆ, ಮೊದಲನೇ ಸಲ:
'ಆಕೆ ಬೀಗದ ಕೈಯನ್ನು ನೀರಿಗೆ'
ಅಲ್ಲಿಗೆ ಹರದಿತ್ತು.

ಒಗದಳೋ? ತೋರಿಸಿದಳೋ?
ತುಕ್ಕು ಹೋಗಲಿ ಅಂತ ಹಿಡದಳೋ?
ಬಜಿ ಅಂಗಡಿ ಹಾಲಸಿದ್ದನ್ನ ಕೇಳಿದರ
"ಯಕ್ಕಾ, ರದ್ದಿ ಕೇಜಿ ಲೆಕ್ಕ ಬರತೈತಿ,
ಕಥಿ ಲೆಕ್ಕ ಅಲ್ಲ," ಅಂದ.
ನಾಕು ದಿನ ಮಿರ್ಚಿ ಕೊಂಡೆ.
ಎದಿಯುರಿ ಬಂತು, ಆಕಿ ಬರಲಿಲ್ಲ.

"ಒಗದಿರತಾಳ ತಗೀ," ಅಂತಾಳ ಗುಲ್ಜಾರಬಿ.
ನನಗ ಹಾಂಗ ಅನಸೂದಿಲ್ಲ.
ಬೀಗದ ಕೈ ಐತಿ ಅಂದ್ರ ಎಲ್ಲ್ಯೋ ಒಂದು ಬಾಗಲಾ ಐತಿ,
ಅದರ ಹಿಂದ ಏನೋ ಐತಿ.
ಅಷ್ಟು ಜಲ್ದಿ ಒಗೀತಾರೇನ ಯಾರರ?

ಆ ತುಂಡು ಸೆರಗಿನ ಗಂಟಿನ್ಯಾಗ ಐತಿ.
ನಿನ್ನೆ ಸ್ಟ್ಯಾಂಡಿನ ಕಟ್ಟಿಮ್ಯಾಲ ಕುಂತು ಮತ್ತ ಬಿಚ್ಚಿದೆ.
ನಿಧಾನಕ, ಒಂದೊಂದ ಅಕ್ಷರ,
ಮೊದಲಿನಾಂಗ ಕುಂಟಕೋತ, ಬೇಕಂತನ.
ಕಂಡಕ್ಟರ್ ಮೂರು ಸಲ ಕೂಗಿದ್ನಂತ.
ತಲಿ ಎತ್ತೂದ್ರಾಗ ಗೇಟಿನ ತಿರುವಿನ್ಯಾಗ
ಬೋರ್ಡಿನ ಕಡೀ ಅಕ್ಷರ ಅಷ್ಟ ಕಾಣತಿತ್ತು,
ಧೂಳಿನ್ಯಾಗ ಒಂದು
ಗಿ.